ಮಾಳಿಗೆ ಮನೆಯ ಹಳೇ ಮಣ್ಣು: ಎಷ್ಟು ಉಳಿಸಬೇಕು, ಹೇಗೆ ಇಳಿಸಬೇಕು

ಬೇಸಿಗೆ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಮೇಲೆ ಮಣ್ಣು ಒಂದಡಿ ದಾಟಿದೆ. ಆದರೂ ಮಳೆ ಬಂದರೆ ಸೋರುತ್ತದೆ. ಇನ್ನೊಂದು ಲೋಡ್ ಕರ್ಲು ಮಣ್ಣು ಹಾಕಿಸಲಾ, ಇಲ್ಲ ಎಲ್ಲಾ ಕೆಡವಿ ಶೀಟ್ ಹೊದಿಸಲಾ?” ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆಯವರು ಜಾಸ್ತಿ ಕೇಳುತ್ತಾರೆ. ದಾವಣಗೆರೆಯ ಹಳೇ ಊರಿನ ಓಣಿಗಳಿಂದಲೂ ಕೇಳುತ್ತಾರೆ. ಮಾಳಿಗೆ ಎಂದರೆ ಇಲ್ಲಿ ಮಹಡಿ ಅಲ್ಲ, ಮರದ ತೊಲೆಗಳ ಮೇಲೆ ಮಣ್ಣು ಹಾಕಿದ ಚಪ್ಪಟೆ ಚಾವಣಿ.

ನನ್ನ ಉತ್ತರ ಪ್ರತಿ ಸಲವೂ ಒಂದೇ. ಸೋರುವುದು ಎರಡನೇ ಮಾತು, ಮೊದಲು ಭಾರ ಇಳಿಸಿ. ಮಾಳಿಗೆ ಮನೆ ಸೋರಿದರೆ ಪಾತ್ರೆ ಇಟ್ಟು ರಾತ್ರಿ ಕಳೆಯಬಹುದು. ತೊಲೆ ಮುರಿದರೆ ಕೆಳಗೆ ಮಲಗಿದವರು ಏಳುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಮಣ್ಣು ಹಾಕುವುದಕ್ಕಿಂತ ಇಳಿಸುವ ವಿಷಯವೇ ಹೆಚ್ಚಿದೆ.

ಮಣ್ಣು ಯಾಕೆ ಇದೆ, ಎಷ್ಟು ಭಾರ ಇದೆ

ಮೊದಲು ಹೆಸರುಗಳನ್ನು ಗೊತ್ತು ಮಾಡಿಕೊಳ್ಳೋಣ. ಗೋಡೆಯಿಂದ ಗೋಡೆಗೆ, ಇಲ್ಲವೇ ಕಂಬದಿಂದ ಕಂಬಕ್ಕೆ ಹೋಗುವ ದಪ್ಪ ಮರವೇ ತೊಲೆ. ಕಂಬದ ತಲೆಯ ಮೇಲೆ ತೊಲೆ ಹೊತ್ತು ಕೂತಿರುವ ಮರದ ತುಂಡು ಬೋದಿಗೆ. ತೊಲೆಯ ಮೇಲೆ ಅಡ್ಡಡ್ಡ ಸಾಲಾಗಿ ಜೋಡಿಸಿದ ಸಣ್ಣ ಮರಗಳು ಜಂತೆ. ಜಂತೆಯ ಮೇಲೆ ಹಲಗೆ, ಬಿದಿರು, ಅಡಿಕೆ ದಬ್ಬೆ ಅಥವಾ ಕಲ್ಲು ಚಪ್ಪಡಿ. ಅದರ ಮೇಲೆ ಬೇವು, ಲಕ್ಕಿ, ಬಂದರೆ ಗಿಡ ಇಂಥವುಗಳ ಸೊಪ್ಪಿನ ಹಾಸು. ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಕರ್ಲು.

ಕರ್ಲು ಎಂದರೆ ಬೆಳೆ ಬಾರದ ಉಪ್ಪು ನೆಲದ ಮಣ್ಣು. ಕೆಲವರು ಚೌಳು ಎನ್ನುತ್ತಾರೆ. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ಸಣ್ಣ ತೂತುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯದೆ ಮೇಲಿನಿಂದಲೇ ಹರಿದು ಹೋಗುತ್ತದೆ. ಹೊಲಕ್ಕೆ ಶತ್ರುವಾದ ಮಣ್ಣು ಮಾಳಿಗೆಗೆ ನೆಂಟ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿಗೆ ಈ ಉಪಾಯ ಚೆನ್ನಾಗಿ ಹೊಂದಿತು.

ತಂಪಿಗೂ ಈ ಮಣ್ಣೇ ಕಾರಣ. ಮಧ್ಯಾಹ್ನದ ಬಿಸಿಲು ಮಣ್ಣನ್ನು ಕಾಯಿಸುತ್ತದೆ. ಆ ಬಿಸಿ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಒಳಗೆ ತಲುಪುವಷ್ಟರಲ್ಲಿ ಹೊತ್ತು ಮುಳುಗಿ, ಹೊರಗೆ ತಣ್ಣಗಾಗಿರುತ್ತದೆ. ಸೊಪ್ಪಿನ ಹಾಸಿನಲ್ಲಿ ಸಿಕ್ಕಿಕೊಂಡ ಗಾಳಿಯೂ ಬಿಸಿಯನ್ನು ತಡೆಯುತ್ತದೆ. ಏಪ್ರಿಲ್‌ನಲ್ಲಿ 38–40 ಡಿಗ್ರಿ ಬಿಸಿಲಿದ್ದಾಗ ಶೀಟಿನ ಮನೆಯಿಂದ ಎದ್ದು ಪಕ್ಕದ ಮಾಳಿಗೆ ಮನೆಗೆ ಹೋಗಿ ಕೂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ತೊಂದರೆ ಇರುವುದು ನಮ್ಮ ರೂಢಿಯಲ್ಲಿ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಕರ್ಲು ಹಾಕುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಹೀಗೇ ನಲವತ್ತು ಐವತ್ತು ವರ್ಷ ನಡೆದರೆ ಏನಾಗುತ್ತದೆ? ಲೆಕ್ಕ ನೋಡಿ. ಒಂದು ಚದರಡಿ ಜಾಗದಲ್ಲಿ ಒಂದು ಇಂಚು ದಪ್ಪ ಗಟ್ಟಿ ಮಣ್ಣು ಸುಮಾರು 4 ಕೆಜಿ ತೂಗುತ್ತದೆ. 10 ಅಡಿಗೆ 12 ಅಡಿಯ ಕೋಣೆ ಅಂದರೆ 120 ಚದರಡಿ. ಅದರ ಮೇಲೆ 6 ಇಂಚು ಮಣ್ಣಿದ್ದರೆ ಸುಮಾರು 2,900 ಕೆಜಿ. 12 ಇಂಚು ಇದ್ದರೆ 5,800 ಕೆಜಿ. ಒಂದು ಟ್ರ್ಯಾಕ್ಟರ್ ಟ್ರೈಲರ್ ತುಂಬಿ ಮಿಗುವಷ್ಟು ಮಣ್ಣು ನಿಮ್ಮ ತಲೆಯ ಮೇಲಿದೆ! ಎರಡು ದಿನ ಜಡಿ ಮಳೆ ಹಿಡಿದು ಮಣ್ಣು ನೆನೆದರೆ ಇನ್ನೂ ಎಂಟುನೂರು, ಸಾವಿರ ಕೆಜಿ ಸೇರುತ್ತದೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಮಾಳಿಗೆಗಳು ಕುಸಿಯುವುದು ಇದೇ ಕಾರಣಕ್ಕೆ.

ಮೊದಲ ಆರು ಇಂಚು ಮಣ್ಣು ಕೊಡುವ ತಂಪು ದೊಡ್ಡದು. ಅದರ ಮೇಲೆ ಹಾಕುವ ಪ್ರತಿ ಇಂಚಿನಿಂದ ಸಿಗುವ ತಂಪು ಕಡಿಮೆಯಾಗುತ್ತಾ ಹೋಗುತ್ತದೆ, ಭಾರ ಮಾತ್ರ ಅಷ್ಟಕ್ಕಷ್ಟೇ ಏರುತ್ತದೆ. ಹಾಗಾಗಿ ಸೊಪ್ಪು, ಮಣ್ಣು, ಕರ್ಲು ಸೇರಿ ಒಟ್ಟು 6 ಇಂಚು ಇರಲಿ. ಈ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಯಾವಾಗ ಮಾಡಬೇಕು, ಏನೇನು ಬೇಕು

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಯುಗಾದಿಯೊಳಗೆ ಮುಗಿಸಿ. ಮಣ್ಣು ಒಣಗಿ ಹಗುರಾಗಿರುತ್ತದೆ. ಅಶ್ವಿನಿ, ಭರಣಿ ಮಳೆ ಬೀಳುವಾಗ ಮಾಳಿಗೆ ಬಿಚ್ಚಿಕೊಂಡು ಕೂತಿದ್ದರೆ ಗೋಡೆಯೂ ಹೋಗುತ್ತದೆ. ಕಟ್ಟಿದ್ದು ಮಣ್ಣಿನ ಗೋಡೆ ಅಲ್ವಾ?

ಬೇಕಾದ ಸಾಮಾನು: ಸಲಿಕೆ, ಸಣ್ಣ ಗುದ್ದಲಿ, ಪುಟ್ಟಿ, ಹಗ್ಗ, ಗಟ್ಟಿ ಏಣಿ, ಉದ್ದನೆಯ ಹಲಗೆ ನಾಲ್ಕಾರು, ಸೆಂಟ್ರಿಂಗ್‌ನವರ ಕಬ್ಬಿಣದ ಜಾಕ್ ಅಥವಾ ನೀಲಗಿರಿ ಗಳ, ದೊಡ್ಡ ಟಾರ್ಪಾಲು, ಎನ್‌-95 ಮಾಸ್ಕ್, ದಪ್ಪ ಕೈಗವಸು, ಗಂಬೂಟು, ಹೆಲ್ಮೆಟ್. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಸಣ್ಣ ಧೂಳು ಟವೆಲ್ ದಾಟಿ ಹೋಗುತ್ತದೆ. ಹಳೇ ಮಣ್ಣಿನಲ್ಲಿ ಇಲಿಯ ಹಿಕ್ಕೆ, ಮೂತ್ರ ಎಲ್ಲಾ ಇರುತ್ತದೆ. ಇಲಿ ಜ್ವರ ಬರುವುದು ಇದರಿಂದಲೇ. ಕೈಯಲ್ಲಿ ಗಾಯವಿದ್ದವರು ಕೈಗವಸಿಲ್ಲದೆ ಮುಟ್ಟಬೇಡಿ. ಚೇಳು ಇದ್ದೇ ಇರುತ್ತದೆ ಎಂದುಕೊಂಡೇ ಕೈ ಹಾಕಿ.

ಹಂತ 1: ಅಕ್ಕಪಕ್ಕದವರಿಗೆ ಹೇಳಿ, ಕಾನೂನು ನೋಡಿ

ಹಳೇ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುತ್ತದೆ. ನಿಮ್ಮ ತೊಲೆಯ ತುದಿ ಕೂತಿರುವ ಗೋಡೆಯ ಆ ಬದಿಗೆ ಅವರ ತೊಲೆಯೂ ಕೂತಿರಬಹುದು. ಅವರಿಗೆ ಮುಂಚೆಯೇ ಹೇಳಿ, ಅವರ ಕಡೆಯಿಂದಲೂ ಗೋಡೆ ನೋಡಿ.

ಚಿತ್ರದುರ್ಗದ ಕೋಟೆ ಹತ್ತಿರ ಅಥವಾ ಹರಿಹರದ ಹರಿಹರೇಶ್ವರ ದೇವಸ್ಥಾನದ ಹತ್ತಿರ ಮನೆ ಇರುವವರು ಇನ್ನೊಂದು ವಿಷಯ ಗಮನಿಸಿ. ಇವು ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳು. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅಲ್ಲಿಂದಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬೇಕು. ರಿಪೇರಿಗೂ ಅನುಮತಿ ಬೇಕು. ಮಾಳಿಗೆ ಬಿಚ್ಚಿದ ಮೇಲೆ ಕೆಲಸ ನಿಂತರೆ ಮನೆ ಬಯಲಾಗುತ್ತದೆ. ಅದಕ್ಕೇ ಕಾಗದ ಕೈಗೆ ಬಂದ ಮೇಲೆ ಗುದ್ದಲಿ ಎತ್ತಿ.

ಹಂತ 2: ಕೆಳಗೆ ನಿಂತು ಮರ ಪರೀಕ್ಷಿಸಿ

ಮೇಲೆ ಹತ್ತುವ ಮುಂಚೆ ಒಳಗಿನಿಂದ ನೋಡಬೇಕು. ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ತೊಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಳಬದಿಯಲ್ಲಿ ದಾರ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಮರ ದಾರವನ್ನು ಎಷ್ಟು ಕೆಳಕ್ಕೆ ತಳ್ಳುತ್ತದೆ ನೋಡಿ. 10 ಅಡಿಯ ತೊಲೆ ಅರ್ಧ ಇಂಚಿನಷ್ಟು ಬಾಗಿದ್ದರೆ ಹಳೇ ಮರಕ್ಕೆ ಅದು ಸಹಜ. ಒಂದು ಇಂಚು ದಾಟಿದ್ದರೆ, ಅಥವಾ ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಬಾಗಿದೆ ಅನ್ನಿಸಿದರೆ, ಸಿವಿಲ್ ಇಂಜಿನಿಯರ್‌ಗೆ ತೋರಿಸದೆ ಮುಂದೆ ಹೋಗಬೇಡಿ. ಆ ಕೋಣೆಯಲ್ಲಿ ಮಲಗುವುದನ್ನು ಅವತ್ತೇ ಬಿಡಿ.

ಆಮೇಲೆ ಸುತ್ತಿಗೆಯ ಹಿಡಿಯಿಂದ ಮರವನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರ ಠಣ್ ಅನ್ನುತ್ತದೆ. ಗೆದ್ದಲು ತಿಂದದ್ದು ಡಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಚೂಪಾದ ಸ್ಕ್ರೂಡ್ರೈವರ್ ಒತ್ತಿ. ಕಾಲು ಇಂಚಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಆ ಮರದ ಶಕ್ತಿ ಹೋಗಿದೆ. ನಡುಭಾಗ ನೋಡಿ ಸುಮ್ನಾಗಬೇಡಿ. ಮರ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಅಲ್ಲಿ ಗಾಳಿ ಆಡುವುದಿಲ್ಲ, ಗೋಡೆಯ ತೇವ ಆರುವುದಿಲ್ಲ. ತುದಿಯ ಸುತ್ತ ಸ್ವಲ್ಪ ಗಾರೆ ಬಿಡಿಸಿ, ಟಾರ್ಚ್ ಹಾಕಿ ನೋಡಿ. ಬೋದಿಗೆಯ ಮೇಲೆ ತೊಲೆ ಪೂರ್ತಿ ಕೂತಿದೆಯಾ, ಒಂದು ಕಡೆಗೆ ಜಾರಿದೆಯಾ ಅದನ್ನೂ ನೋಡಿ.

ಹಿಂದೆ ಕಟ್ಟಿಗೆ ಒಲೆಯ ಹೊಗೆ ಜಂತೆಗೆ ಹಿಡಿದು ಹುಳ ಬರದಂತೆ ಕಾಯುತ್ತಿತ್ತು ಎನ್ನುತ್ತಾರೆ ಹಿರಿಯರು. ಈಗ ಗ್ಯಾಸ್ ಬಂದಿದೆ, ಹೊಗೆ ಇಲ್ಲ. ಅಡುಗೆಮನೆಯ ಜಂತೆಗಳನ್ನೂ ಈಗ ಬೇರೆ ಕೋಣೆಯವುಗಳ ಹಾಗೇ ನೋಡಬೇಕು.

ಹಂತ 3: ದಪ್ಪ ಅಳೆಯಿರಿ

ಗವಾಕ್ಷಿಯ, ಅಂದರೆ ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಕಿಂಡಿಯ, ಅಂಚಿನಲ್ಲಿ ಮಣ್ಣಿನ ಪದರಗಳು ಕಾಣುತ್ತವೆ. ಅಲ್ಲಿ ಕಾಣದಿದ್ದರೆ ತೆಳು ಕಬ್ಬಿಣದ ಸರಳನ್ನು ಐದಾರು ಕಡೆ ಮೆಲ್ಲಗೆ ಒತ್ತಿ, ಸೊಪ್ಪಿನ ಹಾಸು ತಾಗುವವರೆಗೆ ಇಳಿಸಿ ಅಳೆಯಿರಿ. ಅಳತೆಗೆಂದು ಮೇಲೆ ಹೋಗುವವರು ಒಬ್ಬರೇ ಇರಲಿ. ಹಲಗೆ ಹಾಸಿ, ಅದರ ಮೇಲೇ ನಡೆಯಿರಿ.

ಎಲ್ಲಾ ಕಡೆ ಒಂದೇ ದಪ್ಪ ಇರುವುದಿಲ್ಲ. ಸೋರಿದಲ್ಲೆಲ್ಲ ಮಣ್ಣು ಸುರಿದು ಸುರಿದು ಅಲ್ಲಿ ದಿಣ್ಣೆಯಾಗಿರುತ್ತದೆ. ಅಲ್ಲೇ ಮರವೂ ನೆನೆದು ಮೆತ್ತಗಾಗಿರುತ್ತದೆ. ಮಾಳಿಗೆಯ ತೀರಾ ಬಲಹೀನ ಜಾಗಕ್ಕೇ ತೀರಾ ಜಾಸ್ತಿ ಭಾರ ಬಿದ್ದಿರುತ್ತದೆ. ಅಂಥ ಜಾಗವನ್ನು ಕೆಳಗಿನಿಂದ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ.

ಹಂತ 4: ಆನಿಕೆ ಕೊಡಿ

ಮನೆ ಖಾಲಿ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ. ಹಳೇ ಮನೆಗಳಲ್ಲಿ ವೈರು ಜಂತೆಯ ಸಂದಿನಲ್ಲೋ, ಕೆಲವು ಸಲ ಮಣ್ಣಿನೊಳಗೋ ಓಡಿರುತ್ತದೆ. ಸಲಿಕೆ ತಾಗಿದರೆ ಪ್ರಾಣಕ್ಕೆ ಸಂಚಕಾರ.

ಪ್ರತಿ ತೊಲೆಯ ನಡುವಿಗೆ ಒಂದು ಜಾಕ್ ಅಥವಾ ಗಳ ಕೊಡಿ. ತೊಲೆ 10 ಅಡಿಗಿಂತ ಉದ್ದವಿದ್ದರೆ ಎರಡು ಕಡೆ ಕೊಡಿ. ಗುರುತು ಮಾಡಿದ ಜಾಗದಲ್ಲಿ ಜಂತೆಗಳ ಕೆಳಗೆ ಅಡ್ಡ ಹಲಗೆ ಇಟ್ಟು ಆನಿಸಿ. ಆನಿಕೆಯ ಬುಡಕ್ಕೆ ಎರಡು ಅಡಿ ಉದ್ದದ ದಪ್ಪ ಹಲಗೆ ಇರಲಿ, ಇಲ್ಲದಿದ್ದರೆ ಮಣ್ಣಿನ ನೆಲದಲ್ಲಿ ಹೂತು ಹೋಗುತ್ತದೆ. ಜಾಕ್ ತಿರುಗಿಸುವಾಗ ಮರಕ್ಕೆ ತಾಗಿ ಬಿಗಿಯಾದರೆ ನಿಲ್ಲಿಸಿ. ಬಾಗಿದ ತೊಲೆಯನ್ನು ಎತ್ತಿ ನೆಟ್ಟಗೆ ಮಾಡುತ್ತೇನೆಂದು ಹೊರಟರೆ ಅದು ಅಲ್ಲೇ ಸೀಳುತ್ತದೆ, ಗೋಡೆಯೂ ಬಿರುಕು ಬಿಡುತ್ತದೆ.

ಹಂತ 5: ಮಣ್ಣು ಇಳಿಸಿ

ಎಲ್ಲರೂ ತಪ್ಪುವುದು ಇಲ್ಲೇ. ಒಂದು ಮೂಲೆಯಿಂದ ಶುರು ಮಾಡಿ, ಅಲ್ಲಿ ಪೂರ್ತಿ ತೆಗೆದು, ಆಮೇಲೆ ಮುಂದಕ್ಕೆ ಸರಿಯುತ್ತಾರೆ. ಹಾಗೆ ಮಾಡಬೇಡಿ. ನಡುಗೋಡೆಯ ಮೇಲೆ ಎರಡು ಕಡೆಯಿಂದಲೂ ತೊಲೆ ಕೂತಿರುತ್ತವೆ. ಒಂದು ಕಡೆ ಬರಿದಾಗಿ ಇನ್ನೊಂದು ಕಡೆ ಐದು ಟನ್ ಉಳಿದರೆ ಗೋಡೆಯ ಮೇಲಿನ ಭಾರ ಒಂದೇ ಕಡೆಗೆ ಬೀಳುತ್ತದೆ. ನಮ್ಮ ಊರಿನ ಮನೆಯಲ್ಲಿ ಪಡಸಾಲೆಯ ಮಣ್ಣು ಮೊದಲು ತೆಗೆಸಿದೆವು. ಮಧ್ಯಾಹ್ನದೊಳಗೆ ನಡುಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಂತು. ಅವತ್ತಿನಿಂದ ನಾನು ಈ ಒಂದು ಮಾತನ್ನು ಎಲ್ಲರಿಗೂ ಹೇಳುತ್ತಲೇ ಇದ್ದೇನೆ: ಇಡೀ ಮಾಳಿಗೆಯನ್ನು ಪದರ ಪದರವಾಗಿ ಇಳಿಸಿ.

ಒಂದು ಸಲಕ್ಕೆ 2–3 ಇಂಚು ಮಾತ್ರ ಕೆರೆಯಿರಿ. ದಿಣ್ಣೆಗಳನ್ನು ಮೊದಲು ಸಮ ಮಾಡಿ. ಪ್ರತಿ ಪದರವನ್ನೂ ಕೋಣೆಯ ನಡುವಿನಿಂದ ಶುರು ಮಾಡಿ ಗೋಡೆಯ ಕಡೆಗೆ ಹೋಗಿ. ತೊಲೆಗೆ ನಡುವಿನ ಭಾರವೇ ಹೆಚ್ಚು ಕಷ್ಟ. ಇಡೀ ಮಾಳಿಗೆಯಲ್ಲಿ ಒಂದು ಪದರ ಮುಗಿದ ಮೇಲೇ ಎರಡನೆಯದಕ್ಕೆ ಕೈ ಹಾಕಿ.

ತೆಗೆದ ಮಣ್ಣನ್ನು ಮಾಳಿಗೆಯ ಮೇಲೆ ಗುಡ್ಡೆ ಹಾಕುವ ಹಾಗೇ ಇಲ್ಲ. ಸಂಜೆ ಒಟ್ಟಿಗೆ ಇಳಿಸೋಣ ಎಂದು ಒಂದು ಮೂಲೆಗೆ ಎಳೆದರೆ ಆ ಮೂಲೆಯೇ ಮೊದಲು ಕುಸಿಯುತ್ತದೆ. ಪುಟ್ಟಿ ತುಂಬಿದಂತೆಲ್ಲ ಇಳಿಸುತ್ತಿರಿ. ಮೇಲೆ ಇಬ್ಬರು, ಮೂವರು ಸಾಕು, ಅವರೂ ಬೇರೆ ಬೇರೆ ತೊಲೆಯ ಮೇಲೆ ಬರುವಂತೆ ನಿಲ್ಲಲಿ. ಹಾರೆಯಿಂದ ಕುಟ್ಟಬೇಡಿ. ಆ ಅದುರಿಗೆ ಗೋಡೆಯೊಳಗಿನ ತುದಿ ಸಡಿಲವಾಗುತ್ತದೆ. ಧೂಳು ಅಡಗಲೆಂದು ಪೈಪು ಹಿಡಿದು ನೀರು ಬಿಡಲೂಬೇಡಿ. ನೀರೇ ಭಾರ. ಕೈಯಲ್ಲಿ ಚಿಮುಕಿಸಿದರೆ ಸಾಕು.

ಕೆಳಗೆ, ಮನೆಯೊಳಗೆ, ಒಬ್ಬರೂ ಇರಬಾರದು. ಮಕ್ಕಳು ಓಡಾಡುವ ಮನೆಯಾದರೆ ಬಾಗಿಲಿಗೆ ಬೀಗ ಹಾಕಿ.

ಇಳಿಸಿದ ಮಣ್ಣನ್ನು ಎರಡು ಗುಡ್ಡೆ ಮಾಡಿ. ಮೇಲಿನ ಕರ್ಲು ಬೇರೆ, ಕೆಳಗಿನ ಮಣ್ಣು ಬೇರೆ. ಕರ್ಲನ್ನು ಹೊಲಕ್ಕೋ ಹಿತ್ತಲಿಗೋ ಹಾಕಿದರೆ ಅಲ್ಲಿ ಬೆಳೆ ಬರುವುದಿಲ್ಲ. ಚರಂಡಿಗೆ ತಳ್ಳಿದರೆ ಚರಂಡಿ ಕಟ್ಟುತ್ತದೆ. ಕೆಳಗಿನ ಮಣ್ಣನ್ನು ಜರಡಿ ಹಿಡಿದು ಮತ್ತೆ ಮಾಳಿಗೆಗೇ ಬಳಸಬಹುದು. ಬುಡದ ಹಳೇ ಸೊಪ್ಪು ಪುಡಿಪುಡಿಯಾಗಿರುತ್ತದೆ, ಗೆದ್ದಲೂ ಇರುತ್ತದೆ. ಅದನ್ನು ಮನೆಯಿಂದ ದೂರ ಸಾಗಿಸಿ.

ಹಂತ 6: ಮರಕ್ಕೆ ಮದ್ದು ಮಾಡಿ

ಮಣ್ಣು ಇಳಿದ ಮೇಲೆ ಜಂತೆಗಳು ಮೇಲಿನಿಂದಲೂ ಕಾಣುತ್ತವೆ. ಮೆತ್ತಗಾದ ಜಂತೆಯನ್ನು ಬದಲಿಸಿ. ತೊಲೆಯ ತುದಿ ಮಾತ್ರ ಕೆಟ್ಟಿದ್ದರೆ ಇಡೀ ತೊಲೆ ತೆಗೆಯಬೇಕಿಲ್ಲ. ಗೋಡೆಯ ಪಕ್ಕ ಒಂದು ಕಲ್ಲು ಅಥವಾ ಮರದ ಕಂಬ ಬೋದಿಗೆ ಸಮೇತ ನಿಲ್ಲಿಸಿ, ಗಟ್ಟಿ ಭಾಗಕ್ಕೆ ಆನಿಸಬಹುದು. ಒಳ್ಳೆ ಬಡಗಿಗೆ ಇದು ಗೊತ್ತಿರುತ್ತದೆ.

ಉಳಿದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಎರಡು ಸಲ ಬಳಿಯಿರಿ. ಗೇರು ಎಣ್ಣೆಯೂ ಒಳ್ಳೆಯದೇ. ಆದರೆ ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಕೈಗವಸು ಬೇಕೇ ಬೇಕು. ಹಳೇ ಇಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಮನೆಯೊಳಗಿನ ಮರಕ್ಕೆ ಬಳಿಯಬೇಡಿ, ಬೆಂಕಿ ತಾಗಿದರೆ ಉರಿಯುತ್ತದೆ.

ಹಂತ 7: ಮತ್ತೆ ಹಾಕಿ, ಆದರೆ ತೆಳ್ಳಗೆ

ಹೊಸ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಒತ್ತೊತ್ತಾಗಿ ಹಾಸಿ. ತುಳಿದ ಮೇಲೆ ಒಂದು ಇಂಚು ಉಳಿಯುತ್ತದೆ. ಅದರ ಮೇಲೆ ಜರಡಿ ಹಿಡಿದ ಮಣ್ಣು ಸುಮಾರು ಮೂರೂವರೆ ಇಂಚು. ಮೇಲೆ ಕರ್ಲು ಒಂದೂವರೆ ಇಂಚು. ಒಟ್ಟು ಆರು. ದಿಮ್ಮಸು ಹಾಕಿ ಬಡಿಯಬೇಡಿ, ಕೈ ಹಲಗೆಯಿಂದ ತಟ್ಟಿದರೆ ಸಾಕು.

ಕರ್ಲು ಒಳ್ಳೆಯದೋ ಅಲ್ಲವೋ ಎಂದು ಲೋಡ್ ತರಿಸುವ ಮುಂಚೆ ನೋಡಬೇಕು. ಒಂದು ಹಿಡಿ ಪುಡಿಯನ್ನು ನೆನೆಸಿ, ಬಟ್ಟಲಿನಂತೆ ತಟ್ಟಿ, ನೀರು ತುಂಬಿಡಿ. ಒಂದು ಗಂಟೆ ಕಳೆದರೂ ನೀರು ನಿಂತಿದ್ದರೆ ಒಳ್ಳೇ ಕರ್ಲು. ಇಳಿದು ಹೋದರೆ ಬೇರೆ ಕಡೆಯದು ಹುಡುಕಿ.

ಇಳಿಜಾರು ಮರೆಯಬೇಡಿ. 10 ಅಡಿಗೆ 3 ಇಂಚು ಇಳಿಜಾರು ಇರಬೇಕು, ನೀರು ಹೊರಗೆ ಬೀಳುವ ದೋಣಿಯ ಕಡೆಗೆ. ದೋಣಿ ಗೋಡೆಯಿಂದ ಎರಡು ಅಡಿಯಾದರೂ ಹೊರಗೆ ಚಾಚಿರಲಿ. ಇಲ್ಲದಿದ್ದರೆ ಮಾಳಿಗೆ ಉಳಿದರೂ ಗೋಡೆಯ ಬುಡ ಕೊರೆಯುತ್ತದೆ.

ಮಣ್ಣಿನ ಮೇಲೆ ಸಿಮೆಂಟ್ ಹಾಕಿದರೆ ಶಾಶ್ವತ ಎಂದು ಹೇಳುವವರು ಬಹಳ. ಕೇಳಬೇಡಿ. ಮಣ್ಣು ಮತ್ತು ಮರ ಬಿಸಿಲಿಗೆ, ಮಳೆಗೆ ಹಿಗ್ಗಿ ಕುಗ್ಗುತ್ತವೆ. ಸಿಮೆಂಟ್ ಹಾಗೆ ಮಣಿಯುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಮತ್ತೆ ಆವಿಯಾಗಿ ಹೋಗಲು ದಾರಿ ಸಿಗದೆ ಕೆಳಗಿನ ಮರವನ್ನು ಕೊಳೆಸುತ್ತದೆ. ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವುದರಲ್ಲೂ ಇದೇ ತೊಂದರೆ. ಎಲ್ಲೋ ಒಂದು ಕಡೆ ಹರಿದರೆ ನೀರೆಲ್ಲ ಅಲ್ಲಿಗೇ ಸೇರುತ್ತದೆ, ನಿಮಗೆ ಕಾಣುವುದೂ ಇಲ್ಲ.

ಮಣ್ಣು ಬೇಡವೇ ಬೇಡ ಎನ್ನುವವರಿಗೆ

ವರ್ಷಾ ವರ್ಷ ಕರ್ಲು ನೋಡಿಕೊಳ್ಳಲು ಮನೆಯಲ್ಲಿ ಜನ ಇಲ್ಲ ಅನ್ನುವುದು ನಿಜವಾದ ಕಷ್ಟ. ಅಂಥವರು ಮಣ್ಣನ್ನು 4 ಇಂಚಿಗೆ ಇಳಿಸಿ, ಅದರ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ ತಗಡಿನ ಶೀಟ್ ಹೊದಿಸಬಹುದು. ನಡುವಿನ ಜಾಗದಲ್ಲಿ ಎರಡೂ ಕಡೆಯಿಂದ ಗಾಳಿ ಆಡಬೇಕು. ಶೀಟ್ ಮಳೆ ತಡೆಯುತ್ತದೆ, ಗಾಳಿ ಬಿಸಿಯನ್ನು ಹೊತ್ತೊಯ್ಯುತ್ತದೆ, ಮಣ್ಣು ಉಳಿದ ತಂಪು ಕೊಡುತ್ತದೆ. ನನ್ನ ಮಟ್ಟಿಗೆ ಈಗಿನ ಕಾಲಕ್ಕೆ ಇದೇ ಎಲ್ಲಕ್ಕಿಂತ ಒಳ್ಳೆ ದಾರಿ. ಶೀಟಿನ ಕಾಲುಗಳನ್ನು ಗೋಡೆಯ ಮೇಲೆ ನಿಲ್ಲಿಸಿ, ಜಂತೆಯ ಮೇಲಲ್ಲ. ಬಯಲು ಸೀಮೆಯ ಗಾಳಿ ಜೋರು, ಕಟ್ಟು ಭದ್ರವಾಗಿರಲಿ. ಮೇಲೆ ಬಿಳಿ ಬಣ್ಣ ಹೊಡೆಸಿದರೆ ಬಿಸಿಲು ವಾಪಸ್ ಹೋಗುತ್ತದೆ.

ಮಣ್ಣು ಪೂರ್ತಿ ತೆಗೆದು ಬರೀ ಶೀಟ್ ಹಾಕಿ, ಒಳಗೆ ಥರ್ಮಾಕೋಲ್ ಸೀಲಿಂಗ್ ಕಟ್ಟಿಸುವವರೂ ಇದ್ದಾರೆ. ಥರ್ಮಾಕೋಲ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ. ಇಲಿಗಳಿಗೂ ಅದೇ ಗೂಡು. ಅಡುಗೆಮನೆಗಂತೂ ಬೇಡವೇ ಬೇಡ.

ಹಿತ್ತಲ ಕೋಣೆಗೆ ಹಳೇ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ ಎಂದೇ ತಿಳಿಯಿರಿ. ಸುಮ್ನೆ ಇದ್ದಾಗ ಅಪಾಯ ಕಡಿಮೆ. ಒಡೆದಾಗ, ಕೊಯ್ದಾಗ, ತೂತು ಹೊಡೆದಾಗ ಏಳುವ ಎಳೆಗಳು ಶ್ವಾಸಕೋಶದಲ್ಲಿ ಉಳಿದು, ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲವು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಮೇಲಿನಿಂದ ಎಸೆಯಬೇಡಿ. ಚೂರುಗಳನ್ನು ಕುಟ್ಟಿ ಅಂಗಳಕ್ಕೆ ಹಾಸಬೇಡಿ.

ಹಂತ 8: ಮೊದಲ ಮಳೆ ನೋಡಿ

ಆನಿಕೆಗಳನ್ನು ಕೂಡಲೇ ತೆಗೆಯಬೇಡಿ. ಒಂದು ವಾರ ಬಿಟ್ಟು, ಒಂದೊಂದಾಗಿ ಸಡಿಲಿಸಿ. ದಾರ ಕಟ್ಟಿ ಮತ್ತೆ ಅಳೆದು, ತಾರೀಖು ಹಾಕಿ ಗೋಡೆಯ ಮೇಲೇ ಬರೆದಿಡಿ. ರೋಹಿಣಿ, ಮೃಗಶಿರ ಮಳೆ ಬಿದ್ದ ಮರುದಿನ ಮಾಳಿಗೆ ಹತ್ತಿ. ನೀರು ನಿಂತ ಗುಂಡಿ ಕಂಡರೆ ಆ ಜಾಗಕ್ಕೆ ಮಾತ್ರ ಎರಡು ಪುಟ್ಟಿ ಕರ್ಲು ಹಾಕಿ. ಹುಲ್ಲು, ಅರಳಿ ಸಸಿ ಹುಟ್ಟಿದ್ದರೆ ಎಳೆಯದಿರುವಾಗಲೇ ಬೇರು ಸಮೇತ ಕೀಳಿ. ಮುಂದಿನ ವರ್ಷದಿಂದ ಎಷ್ಟು ಪುಟ್ಟಿ ಹಾಕುತ್ತೀರೋ ಅಷ್ಟೇ ಪುಟ್ಟಿ ಮೊದಲು ಕೆರೆದು ಇಳಿಸಿ.